ಅಮ್ಮನ ಹೆಸರು ಬರೆದಿಟ್ಟ ಪ್ಲೇಟು

ಇವತ್ತು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಬಂದ ವಾಸನೆ ನನ್ನನ್ನು ಕೊಳ್ಳೇಗಾಲದ ಪ್ಲೇಟಿನ ಅಂಗಡಿಗೆ ಕರೆದೊಯ್ದಿತು. ರೇಡಿಯೊ ರಿಪೇರಿಯ ಜೊತೆಗೆ ಗ್ರಾಮಫೋನ್ ಪ್ಲೇಟುಗಳನ್ನೂ ಮಾರುತ್ತಿದ್ದ ಅಂಗಡಿ ಅದು. ಒಳಗೆಲ್ಲ ಇದೇ ವಾಸನೆ.

ನನ್ನಮ್ಮ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಿದ್ದಳು. ಒಂದು ದಿನ ಸೀರೆ ಒಪ್ಪಿಸಿ ನನ್ನ ಕೈಹಿಡಿದು ಬರುವಾಗ ಆ ಅಂಗಡಿಯಲ್ಲಿ ವೀಣೆ ಕೇಳಿ ನಿಂತುಬಿಟ್ಟಳು. ಹಾಗೇ ಒಳಗೆ ಹೋಗಿ ಆ ಪ್ಲೇಟನ್ನು ಕೊಂಡೇಬಿಟ್ಟಳು.

"ಮನೇಲಿ ಪ್ಲೇಟ್ ಆಕೋ ಮಿಷನ್ ಐತೇನಮ್ಮ?" ಅಂಗಡಿಯ ಅಣ್ಣಯ್ಯ ಕೇಳಿದರು.

"ಇಲ್ಲ ಕಣಣ್ಣ. ಮಿಷನ್ ತಕಳಗಂಟ ಇದ್ನ ಬ್ಯಾರೆಯವ್ರು ತಕಂಡೋದ್ರೆ?"

ಅಣ್ಣಯ್ಯ ನಗಲಿಲ್ಲ. ಕವರಿನ ಮೇಲೆ ಅಮ್ಮನ ಹೆಸರು ಬರೆದರು. "ಇಲ್ಲೇ ಇರ್ಲಿ ಬುಡಮ್ಮ. ಬಂದಾಗೆಲ್ಲ ಆಕ್ತೀನಿ, ಕೇಳ್ಕಂಡೋಗು."

ಹಾಗೆ ಎರಡು ಮೂರು ವರ್ಷ ಕೇಳಿದೆವು. ಅವರು ಪ್ಲೇಟನ್ನು ಪಂಚೆಯ ಅಂಚಿನಿಂದ ಒರೆಸಿ ಮುಳ್ಳು ಇಡುತ್ತಿದ್ದರು. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಬರುಬರುತ್ತಾ ವೀಣೆಯ ನಡುವೆ ಕರಕರ ಸದ್ದೂ ಸೇರಿಕೊಂಡಿತು.

ಕೊನೆಗೂ ಅಪ್ಪ ಹಳೆಯದೊಂದು ಗ್ರಾಮಫೋನ್ ತಂದರು. ಅವತ್ತೇ ಪ್ಲೇಟು ತರಲು ಓಡಿದೆವು. ಅಣ್ಣಯ್ಯ ಬೀರುವಿನಿಂದ ಅಮ್ಮನ ಹೆಸರಿದ್ದ ಕವರು ತೆಗೆದುಕೊಟ್ಟರು. ಒಳಗಿದ್ದ ಪ್ಲೇಟಿನ ಮೇಲೆ ಒಂದು ಗೀರೂ ಇರಲಿಲ್ಲ. ಅಮ್ಮ ಅವರ ಮುಖ ನೋಡಿದಳು.

"ಇಷ್ಟ್ ದಿನ ಆಡ್ಸಿದ್ದು ಇಂತದ್ದೇ ನನ್ ಪ್ಲೇಟು ಕಣಮ್ಮ. ನಿಂದ ನಾನು ಮುಟ್ನೇ ಇಲ್ಲ."

ಅಮ್ಮ ಕೈ ಮುಗಿದಳು. ನಾನು ಏನೂ ತಿಳಿಯದೆ ಸುಮ್ಮನೆ ನಿಂತಿದ್ದೆ. ಈಗ ಅವರಿಬ್ಬರೂ ಇಲ್ಲ. ಅಂದು ಮುಗಿಯದ ಕೈಯನ್ನು ಇವತ್ತು ಮುಗಿಯುತ್ತಿದ್ದೇನೆ.