ಹಗ್ಗ ಹಿಡಿದವರ ಪಾಲು

ಅಲೆವೂರಿನ ದೀಕ್ಷಿತಾ ಹೋಟೆಲಿನ ನೀರನ್ನೂ ಮೂಸಿ ನೋಡಿಯೇ ಕುಡಿಯುವವಳು. ಅಂಥವಳ ಪಿಎಚ್.ಡಿ. ಪ್ರಬಂಧವನ್ನು ಮಣಿಪಾಲದ ಮಾರ್ಗದರ್ಶಕಿ ಪ್ರಭಾವತಿ ಮೇಡಂ ಮೂರನೇ ಸಲ ಹಿಂದಿರುಗಿಸಿದಾಗ ತಲೆಯಲ್ಲಿ ಏನೆಲ್ಲ ಓಡಿರಬೇಡ! ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದೇ ಪದ: "ಯಾರಿಗೆ?"

ಓದಿಯೇ ಇಲ್ಲ ಮಹಾತಾಯಿ, ಎಂದುಕೊಂಡಳು. ಇಲ್ಲವಾದರೆ ಓದಿ, ವಿಷಯವನ್ನು ತನ್ನ ಹೆಸರಿಗೆ ಮಾಡಿಕೊಳ್ಳುವ ಹುನ್ನಾರ. ಕಾಪುವಿನ ದಡದಲ್ಲಿ ನಿಂತು ಬಲೆ ಎಳೆಯುವ ಕೈರಂಪಣಿಯವರ ಬಗ್ಗೆ ಮೂರು ವರ್ಷ ಬಿಸಿಲಲ್ಲಿ ಬೆಂದು ಕೂಡಿಸಿದ್ದು ಯಾರಿಗೆ ಬೇಡ?

"ಇದನ್ನು ಶೀನಣ್ಣನಿಗೆ ಓದಿ ಹೇಳಿ ಬಾ. ಆಮೇಲೆ ಮಾತಾಡುವ," ಎಂದರು ಮೇಡಂ.

ಅವಳ ಅನುಮಾನ ಇನ್ನೂ ಗಟ್ಟಿಯಾಯಿತು. ಶೀನ ಆ ಬಲೆಯ ತಂಡದ ಹಿರಿಯ. ಇಡೀ ಪ್ರಬಂಧ ನಿಂತದ್ದೇ ಅವನು ಸಹಿ ಹಾಕಿದ ಒಪ್ಪಿಗೆ ಪತ್ರದ ಮೇಲೆ. ಅವನು ಮುನಿದರೆ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೂ ಹೋದಳು.

ಶೀನ ಬಲೆ ಹೊಲಿಯುತ್ತಿದ್ದ. ಅವಳು ಮೊದಲ ಪುಟವನ್ನು ಗತ್ತಿನಿಂದಲೇ ಓದಿದಳು: "ಪಾಲಿನ ಹಕ್ಕುಗಳು ಅನೌಪಚಾರಿಕವಾಗಿದ್ದು, ಯಾವುದೇ ಲಿಖಿತ ಆಧಾರವನ್ನು ಹೊಂದಿರುವುದಿಲ್ಲ..."

ಅವನ ಕೈ ನಿಂತಿತು. "ನಿನ್ನನ್ನು ಕಳಿಸಿದ್ದು ಯಾರು?"

"ಎಂತ ಶೀನಣ್ಣ?"

"ಹೋದ ತಿಂಗಳು ಟೇಪ್ ಹಿಡಿದು ದಡ ಅಳೆದವರೂ ಇದನ್ನೇ ಹೇಳಿದ್ದು. ನಿಮಗೆ ಆಧಾರ ಇಲ್ಲ, ದಡ ಬಿಟ್ಟು ಏಳಿ ಅಂತ. ನನ್ನ ಸಹಿಯ ಕಾಗದ ವಾಪಸ್ ಕೊಡು."

"ಅಯ್ಯೋ ದೇವರೇ! ಹಕ್ಕು ಉಂಟು ಅಂತಲೇ ನಾನು ಬರೆದದ್ದು. ಹದಿನೇಳನೇ ಪುಟದಲ್ಲಿ ಉಂಟು!"

"ಅಲ್ಲಿಯವರೆಗೆ ಅವರು ಓದ್ತಾರಾ ಮಾರಾಯ್ತಿ? ಮೊದಲನೇ ಪುಟದಲ್ಲೇ ನಮ್ಮನ್ನು ಎಬ್ಬಿಸ್ತಾರೆ."

ಊರನ್ನೆಲ್ಲ ಸಂಶಯಿಸಿದವಳಿಗೆ ತನ್ನನ್ನೇ ಒಬ್ಬರು ಸಂಶಯಿಸಿದಾಗ ಅಳು ಬಂತು. ಮರಳಲ್ಲೇ ಕುಳಿತಳು. ಈ ದಡಕ್ಕೆ ಬಂದ ಮೊದಲ ದಿನ ನೆನಪಾಯಿತು. ಅಂದು ಫೋಟೋಕ್ಕೆಂದು ಬಲೆಯ ಹಗ್ಗ ಹಿಡಿದಿದ್ದಳು, ಅಷ್ಟೇ. ಶೀನ ಎಲೆಯಲ್ಲಿ ಮೀನು ಸುತ್ತಿ ಕೊಟ್ಟಿದ್ದ. ಬಿಟ್ಟಿ ಮೀನು ಯಾಕಪ್ಪ ಎಂದು ಅವಳು ಹಿಂದೆ ಸರಿದರೆ, "ಹಗ್ಗಕ್ಕೆ ಕೈ ಹಾಕಿದೆಯಲ್ಲ, ಪಾಲು ಉಂಟು," ಎಂದಿದ್ದ. ಆ ಮಾತು ಹದಿನೇಳನೇ ಪುಟದ ಅಡಿಟಿಪ್ಪಣಿಯಲ್ಲಿ ಕೊಳೆಯುತ್ತಿತ್ತು.

ಮೊದಲ ಹಾಳೆಯನ್ನು ಮಗುಚಿ ಅದರ ಹಿಂಬದಿಯಲ್ಲಿ ಬರೆದು ಓದಿದಳು: "ಕಾಪುವಿನ ದಡದಲ್ಲಿ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಉಂಟು. ನೀನು ಯಾರು ಎಂದು ಕೇಳುವುದಿಲ್ಲ. ಶೀನನ ಅಜ್ಜನ ಕಾಲದಿಂದ ಇದು ತಪ್ಪಿಲ್ಲ. ನನಗೂ ನಾಲ್ಕು ಬಂಗುಡೆ ಸಿಕ್ಕಿತ್ತು."

"ಐದು," ಎಂದ ಶೀನ. ಸಹಿಯ ಕಾಗದದ ಮಾತು ಮತ್ತೆ ಎತ್ತಲಿಲ್ಲ. "ಟೇಪಿನವರು ಸೋಮವಾರ ಬರ್ತಾರಂತೆ. ಅವರಿಗೆ ತೋರಿಸ್ಲಿಕ್ಕೆ ಇದು ನನಗೆ ಬೇಕು."

ದೀಕ್ಷಿತಾ ಕಣ್ಣೊರೆಸಿಕೊಂಡು ಹಾಳೆಯನ್ನು ಕೊಟ್ಟೇಬಿಟ್ಟಳು. ಶೀನ ಅದನ್ನು ತಿರುಗಿಸಿ ನೋಡಿ ಅವಳ ಕೈಗೇ ಮರಳಿಸಿದ.

"ಹಿಂದೆ ಆ ಹಾಳು ಸಾಲು ಉಂಟಲ್ಲ! ಅವರು ಮಗುಚಿ ನೋಡದೆ ಬಿಡ್ತಾರಾ? ಬೇರೆ ಹಾಳೆಯಲ್ಲಿ ಬರೆದು ಕೊಡು."

ಅವಳು ನೋಡಿದಳು. ಮೇಡಂ ಅವರ "ಯಾರಿಗೆ?" ಇದ್ದದ್ದು ಸರಿಯಾಗಿ ಆ ಸಾಲಿನ ಪಕ್ಕದಲ್ಲಿ.