ನಾಲ್ಕು ದಿನದ ಬಿಸಿಲು

ರೇಜರಿನಲ್ಲಿ ಏನೂ ದೋಷ ಇರಲಿಲ್ಲ. ಕೆಟ್ಟದ್ದು ಸಾಬೂನು, ಅದನ್ನು ಕೆಡಿಸಿದವಳು ನಾನು. ಉಳಿದದ್ದೆಲ್ಲ ಜನ ಆಮೇಲೆ ಹುಟ್ಟಿಸಿದ ಮಾತು.

ನಮ್ಮ ಶೆಡ್ಡಿನಲ್ಲಿ ಲೇಥ್ ನಡೆಸುತ್ತಿದ್ದ ಟರ್ನರನ ದಾಡಿ ಎದೆಯವರೆಗೆ ಇಳಿದಿತ್ತು. ಅದರೊಳಗೆ ಹಿತ್ತಾಳೆ ಪುಡಿ ಸಿಕ್ಕಿಕೊಂಡು ಮಿಂಚುತ್ತಿತ್ತು. ಆದರೆ ಎರಡೂ ಮುಂಗೈ ಮೇಲೆ ಹುಡುಕಿದರೂ ಒಂದು ಕೂದಲಿಲ್ಲ. ಮಾಡಿದ ಪ್ರತಿಯೊಂದು ರೇಜರನ್ನೂ ಅಲ್ಲೇ ಎಳೆದು ನೋಡುತ್ತಿದ್ದ. ದಾಡಿ ಬಿಟ್ಟದ್ದು ಹರಕೆಗೆ. ಮೊದಲೇ ಹಣ ಕೊಟ್ಟ ಎಲ್ಲರಿಗೂ ರೇಜರಿನ ಡಬ್ಬಿ ಮುಟ್ಟುವ ತನಕ ಮುಖಕ್ಕೆ ರೇಜರ್ ಹಚ್ಚುವುದಿಲ್ಲ ಎಂದು ಅಕ್ಕಲಕೋಟದ ಗುಡಿಯಲ್ಲಿ ಬೇಡಿಕೊಂಡು ಬಂದಿದ್ದ. ಗಲ್ಲಿಯವರು ನಗುತ್ತಿದ್ದರು. "ಹಲ್ಲಿಲ್ಲದಾಂವ ಕಡ್ಲಿ ಮಾರಿಧಂಗಾತು" ಎಂದು ಅವನ ಮುಂದೆಯೇ ಅನ್ನುತ್ತಿದ್ದರು. ಅವನೂ ನಗುತ್ತಿದ್ದ.

ಸೊಲ್ಲಾಪುರದ ನಮ್ಮ ಮನೆಯ ಕೆಳಗಿನ ಶೆಡ್ಡು ಅವನಿಗೆ ಬಾಡಿಗೆಗೆ ಕೊಟ್ಟಿದ್ದೆ. ದಿನಾ ತನ್ನ ಊರು ವಳಸಂಗದಿಂದ ಬೈಕಿನ ಮೇಲೆ ಬರುತ್ತಿದ್ದ. ಹನ್ನೊಂದು ವರ್ಷ ಮಗ್ಗದ ಬಿಡಿಭಾಗ ಲೇಥಿನ ಮೇಲೆ ಕಡೆದುಕೊಟ್ಟ. ಗಲ್ಲಿಯ ಮಗ್ಗಗಳು ಒಂದೊಂದಾಗಿ ನಿಂತವು, ಅವನ ಕೆಲಸವೂ ನಿಂತಿತು. ಮಷಿನ್ ಖಾಲಿ ಬಿಡಲಾರೆ ಎಂದು ಒಂದು ದಿನ ತನ್ನ ಮುಖಕ್ಕೆಂದೇ ಒಂದು ಹಿತ್ತಾಳೆ ರೇಜರ್ ಕಡೆದ. ಹಿಡಿಯ ಮೇಲೆ ಜೋಳದ ತೆನೆಯಂತೆ ಸಣ್ಣ ಸಣ್ಣ ಕಾಳು. ಒದ್ದೆ ಕೈಯಲ್ಲೂ ಜಾರುತ್ತಿರಲಿಲ್ಲ.

ನನಗೂ ದಾಡಿಗೂ ಏನು ಸಂಬಂಧ? ಆದರೂ ಹೊಸ ಹಿಡಿ ಕಡೆದಾಗಲೆಲ್ಲ ಮೇಲೆ ಬಂದು, "ಕಣ್ಣ ಮುಚ್ರಿ ಮಾವಶಿ" ಎಂದು ಎರಡೂ ಕೈಯಲ್ಲಿ ಒಂದೊಂದು ಇಡುತ್ತಿದ್ದ. ಮಾವಶಿ ಅಂದರೆ ಚಿಕ್ಕಮ್ಮ, ನಮ್ಮ ಕಡೆ ಕನ್ನಡದವರೂ ಹಾಗೇ ಕರೆಯುತ್ತಾರೆ. "ಯಾವುದು ಚಲೋ? ಲಗೂ ಹೇಳಬ್ಯಾಡ್ರಿ. ಕೈಗೆ ಗೊತ್ತಾಗ್ಲಿ." ನಾನು ಹೇಳಿದ್ದನ್ನೇ ಇಟ್ಟುಕೊಂಡು ಇನ್ನೊಂದನ್ನು ಕರಗಿಸಲು ಹಾಕುತ್ತಿದ್ದ. ನನ್ನ ಮಾತಿಗೆ ಅಷ್ಟು ಬೆಲೆ ನನ್ನ ಗಂಡನೂ ಕೊಟ್ಟಿರಲಿಲ್ಲ.

ಫೋನಿನೊಳಗೆ ಒಂದು ಜಾಗ ಇದೆಯಂತೆ. ಮಾಡಬೇಕೆಂದಿರುವ ವಸ್ತುವನ್ನು ಅಲ್ಲಿ ತೋರಿಸಿದರೆ ಗುರುತಿಲ್ಲದ ಜನ ಮೊದಲೇ ಹಣ ಕಳಿಸುತ್ತಾರಂತೆ. ಗಣಪತಿಗೆ ಮನೆಮನೆ ತಿರುಗಿ ವರ್ಗಣಿ ಎತ್ತುತ್ತಾರಲ್ಲ, ಹಾಗೋ ಎಂದು ಕೇಳಿದೆ.

"ಹಂಗs ಮಾವಶಿ. ಆದ್ರ ಇಲ್ಲಿ ವರ್ಗಣಿ ಕೊಟ್ಟವರ ಮನಿಗೆಲ್ಲ ಒಂದೊಂದು ಗಣಪತಿ ಹೋಗಬೇಕ."

"ಹೋಗಲಿಲ್ಲಂದ್ರ?"

"ಹೋಗ್ತಾವ ತಗೋರಿ."

ರೇಜರನ್ನು ಅಲ್ಲಿ ತೋರಿಸಿದ, ಪುಣೆ, ದಿಲ್ಲಿ, ಎಲ್ಲೆಲ್ಲಿಂದಲೋ ಜನ ವರ್ಗಣಿ ಕೊಟ್ಟರು. ರೇಜರ್ ಒಂದೇ ಅಲ್ಲ, ಜೋಡಿಗೆ ಸಾಬೂನು ಕೊಡುತ್ತೇನೆ ಎಂದೂ ಹೇಳಿಬಿಟ್ಟಿದ್ದ. ಕೊಬ್ಬರಿ ಎಣ್ಣೆ, ಕುಸುಬೆ ಎಣ್ಣೆ ಕೂಡಿಸಿ ಶೆಡ್ಡಿನ ಹಿಂದೆ ಅವನೇ ಕುದಿಸಿದ. ನೊರೆ ಚೆನ್ನಾಗಿ ಬರುತ್ತಿತ್ತು. ಬಿಲ್ಲೆಯ ನಡುವೆ ಒಂದು ತಗ್ಗು ತೆಗೆದು, ರೇಜರಿನ ಹಿಡಿ ಅದರೊಳಗೆ ಸರಿಯಾಗಿ ಕೂಡುವಂತೆ ಮಾಡಿದ. ತೊಟ್ಟಿಲಲ್ಲಿ ಕೂಸು ಮಲಗಿದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ನೋಡಿ ಅವನಿಗೆ ಸಾಕಾಗುತ್ತಿರಲಿಲ್ಲ.

ಹಿಡಿ ಕಡೆಯುವುದರಲ್ಲೇ ಹೇಳಿದ ತಾರೀಖು ದಾಟಿತ್ತು. ಯಾವಾಗ ಕಳಿಸುತ್ತೀ ಎಂದು ದಿನಾ ಕೇಳುತ್ತಿದ್ದರು. ಸಾಬೂನು ಅಚ್ಚಿನಿಂದ ತೆಗೆದ ದಿನ ಒಂದು ಇಂಗ್ಲಿಷ್ ಕಾಗದ ಹಿಡಿದುಕೊಂಡು ಮಾಳಿಗೆಗೆ ಬಂದ. ನಾನು ಅಲ್ಲಿ ಬಿಸಿಲಿಗೆ ಶಂಡಿಗೆ ಹಾಕುತ್ತಿದ್ದೆ.

"ಮಾವಶಿ, ಇದನ್ನ ನೆರಳಾಗ ಆರು ವಾರ ಒಣಗಸ್ರಿ ಅಂತ ಬರದಾರ."

"ಆರು ವಾರ? ಯಾ ಊರಾಗ? ಮೂರು ಹೊತ್ತು ಮಳಿ ಹೊಡಿಯೋ ಊರಿನವರು ಬರದಿರಬೇಕ. ಸೊಲ್ಲಾಪುರದ ಬಿಸಲಾಗ ನನ್ನ ಶಂಡಿಗಿ ಎರಡ ದಿನಕ್ಕ ಕಟಕಟ ಅಂತಾವ. ನಿನ್ನ ಸಾಬಾಣ ದಪ್ಪ ಅದ, ನಾಕ ದಿನ ಇಡು."

"ನಡೀತದಂತೀರಿ?"

"ನಲವತ್ತು ವರ್ಷ ಇದೇ ಮಾಳಿಗಿ ಮ್ಯಾಲೆ ಒಣಗಿಸೇನಿ. ನನಗ ಕೇಳತಿಯೋ, ಆ ಕಾಗದಕ್ಕ ಕೇಳತಿಯೋ?"

ಕಾಗದ ಮಡಚಿ ಕಿಸೆಗೆ ಹಾಕಿಕೊಂಡ.

ಹಳೆಯ ಸೀರೆ ಹಾಸಿ ನಾನೇ ಸಾಲಾಗಿ ಇಟ್ಟೆ, ನಾನೇ ಮಗ್ಗಲು ಬದಲಿಸಿದೆ. ಐದನೆಯ ದಿನ ಶಂಡಿಗೆಗೆ ಮಾಡುವ ಹಾಗೆ ಉಗುರಿನಿಂದ ಬಡಿದು ನೋಡಿದೆ, ಗಟ್ಟಿ ಸಪ್ಪಳ ಬಂತು. ಆಗಿದೆ ಎಂದೆ. ರೇಜರನ್ನು ತಗ್ಗಿನೊಳಗೆ ಕೂಡಿಸಿ, ಪ್ಲಾಸ್ಟಿಕ್ ಬಿಗಿದು, ಡಬ್ಬಿ ಮುಚ್ಚಿದ. ಕೊರಿಯರಿನವರು ಬಂದು ಒಯ್ದರು. ಮೊದಲನೆಯ ಡಬ್ಬಿ ಮಾತ್ರ ಅಕ್ಕಲಕೋಟಕ್ಕೆಂದು ತೆಗೆದಿಟ್ಟ.

ಎರಡು ವಾರ ಬಿಟ್ಟು ಒಂದು ಗುರುವಾರ ಹೋದೆವು. ಅಕ್ಕಲಕೋಟ ನನ್ನ ತವರು, ತಮ್ಮನನ್ನು ನೋಡಿಬರೋಣವೆಂದು ನಾನೂ ಬಸ್ಸು ಹತ್ತಿದೆ. ಗುಡಿಯ ಮುಂದೆ ಪಾಳಿ ಉದ್ದ ಇತ್ತು. ಗರ್ಭಗುಡಿ ಹತ್ತಿರ ಬಂದಾಗ, ದೇವರ ಮುಂದೆ ತೆರೆದೇ ಇಡಬೇಕೆಂದು ಡಬ್ಬಿ ಬಿಚ್ಚಿದ.

ಹಿತ್ತಾಳೆ ಹಸಿರಾಗಿತ್ತು.

ಹಿಡಿಯ ಕಾಳಿನ ಸಂದುಸಂದಿಗೂ ಪಾಚಿ ಕಟ್ಟಿದ ಹಾಗೆ. ಹೆಬ್ಬೆರಳಿನಿಂದ ಒತ್ತಿದ, ಬಿಲ್ಲೆಯ ಮೇಲಿನ ಪದರ ಒಡೆದು ಬೆರಳು ಒಳಗೆ ಹೋಯಿತು. ಬಿಸಿಲು ಮೇಲೆ ಚಿಪ್ಪು ಕಟ್ಟಿತ್ತು ಅಷ್ಟೇ. ಒಳಗಿನ ಹಸಿ ಹೊರಗೆ ಹೋಗಲು ದಾರಿಯಿಲ್ಲದೆ ಹಿತ್ತಾಳೆಯನ್ನು ತಿಂದಿತ್ತು. ಶಂಡಿಗೆ ತೆಳು, ಸಾಬೂನು ದಪ್ಪ. ಇಷ್ಟು ನನಗೆ ಹೊಳೆಯಲಿಲ್ಲ.

"ಪುಢೇ ಚಲಾ, ಪುಢೇ" ಎಂದು ಹಿಂದಿನವರು ಮುಂದಕ್ಕೆ ನೂಕಿದರು. ಅವನು ಡಬ್ಬಿ ಮುಚ್ಚಿದ. ದೇವರ ಮುಂದೆ ಇಡಲಿಲ್ಲ. ಹೊರಗೆ ಬಂದು ಕಟ್ಟೆ ಮೇಲೆ ಕೂತ.

"ಎಲ್ಲಾ ಹಿಂಗs ಆಗಿರ್ತಾವ, ಮಾವಶಿ."

"ಈಗ ತಡಿಯಾಕ ಬರೂದಿಲ್ಲೇನು?"

"ಹೆಂಗ ತಡೀಲಿ? ಇಷ್ಟೊತ್ತಿಗೆ ಮನಿ ಮುಟ್ಟ್ಯಾವ."

ಎಲ್ಲರಿಗೂ ಮುಟ್ಟಿದ್ದವು, ಹರಕೆ ತೀರಿದ ಹಾಗೇ ಲೆಕ್ಕ. ಆದರೂ ಅವನು ದಾಡಿ ತೆಗೆಯಲಿಲ್ಲ. ತಮ್ಮನ ಮನೆಗೆ ಹೋಗದೆ ಮುಂದಿನ ಬಸ್ಸಿಗೇ ತಿರುಗಿ ಬಂದೆವು.

ಆಮೇಲೆ ಡಬ್ಬಿಗಳು ವಾಪಸು ಬರತೊಡಗಿದವು. ಹುಣಸೆಹಣ್ಣು ಹಚ್ಚಿ ನಾನೂ ತಿಕ್ಕಲು ಕೂತೆ. ಮೇಲಿನ ಹಸಿರು ಹೋಗುತ್ತಿತ್ತು, ಕಾಳಿನ ಬುಡದಲ್ಲಿ ಕಪ್ಪು ಉಳಿಯುತ್ತಿತ್ತು. ಸಾಬೂನು ತಿಂದ ಹಿತ್ತಾಳೆ ತಿಕ್ಕಿದರೆ ತಿರುಗಿ ಬರುತ್ತದೆಯೇ? ಒಂದು ಮಧ್ಯಾಹ್ನ ಫೋನನ್ನು ಮಷಿನಿಗೆ ಆನಿಸಿ ನಿಲ್ಲಿಸಿ, ವರ್ಗಣಿ ಕೊಟ್ಟವರಿಗೆಲ್ಲ ಹಿಂದಿಯಲ್ಲಿ ಹೇಳಿದ: ಅವಸರ ಮಾಡಿದವನು ನಾನು, ನಿಮ್ಮೆಲ್ಲರ ಹಣ ತಿರುಗಿ ಕೊಡುತ್ತೇನೆ. ನಾನು ಅಲ್ಲೇ ಬಾಗಿಲಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದೆ. ಒಳಗೆ ಹೋಗಿ, ಇವನಲ್ಲ, ನಾನು ಎನ್ನಬಹುದಿತ್ತು. ಚಹಾ ಆರುವ ತನಕ ಬಾಗಿಲಲ್ಲೇ ನಿಂತೆ.

ಹಣ ಕೊಡಲು ಲೇಥ್ ಮಾರಿದ. ಟೆಂಪೋದವರು ಹಗ್ಗ ಕಟ್ಟಿ ಏರಿಸುವಾಗ ಅವನೇ ಒಂದು ಮಗ್ಗಲು ಹಿಡಿದಿದ್ದ. ಅದು ಹೋದ ಮೇಲೆ ಶೆಡ್ಡಿನ ಕಸ ಗುಡಿಸಿ, ಕೀಲಿ ಕೊಡಲು ಮೇಲೆ ಬಂದ. ಮಾರನೆಯ ವಾರದಿಂದ ಬೇರೆಯವರ ಕಾರ್ಖಾನೆಯಲ್ಲಿ ಆಳಾಗಿ ಹೋಗುವವನಿದ್ದ. ಈಗಲೂ ಅಲ್ಲೇ ಇದ್ದಾನೆ.

ಅವತ್ತು ಕೇಳಿಬಿಟ್ಟೆ. "ಬಿಸಲಾಗ ಇಡು ಅಂದಾಕಿ ನಾನು. ಮಂದಿ ಮುಂದ ಯಾಕ ನನ್ನ ಹೆಸರು ಹೇಳಲಿಲ್ಲ?"

"ಆ ಕಾಗದ ನೀವು ಓದಿದ್ರೇನು?"

"ನನಗ ಇಂಗ್ಲಿಷ್ ಎಲ್ಲಿ ಬರ್ತದೋ?"

"ಮತ್ತ? ಓದಿದಾಂವ ನಾನು. ಓದಿ ಮಡಚಿದಾಂವನೂ ನಾನs."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ಕೀಲಿ ನನ್ನ ಅಂಗೈಯಲ್ಲಿಟ್ಟು ಇಳಿದು ಹೋದ.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಮೊಮ್ಮಗಳನ್ನು ಎಬ್ಬಿಸಿದೆ. ಅವಳು ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾಳೆ. ಫೋನಿನಲ್ಲಿ ಜನ ಅವನಿಗೆ ಬರೆದದ್ದೆಲ್ಲ ಇನ್ನೂ ಹಾಗೇ ಇದೆ ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ಮೊದಲಿನಿಂದ ಓದಿ ಕನ್ನಡದಲ್ಲಿ ಹೇಳು ಎಂದು ಕೂಡಿಸಿಕೊಂಡೆ.

ಒಬ್ಬಳು ಅಪ್ಪನ ಅರವತ್ತಕ್ಕೆ ಕೊಡಲು ತರಿಸಿದ್ದಳಂತೆ, ಡಬ್ಬಿ ಬಿಚ್ಚಿ ನಾಚಿಕೆಯಾಯಿತಂತೆ. ಒಬ್ಬ ಕಳ್ಳ ಅಂದಿದ್ದ. ಮೂರನೆಯದಕ್ಕೆ ಮೊಮ್ಮಗಳು ತಡೆದಳು.

"ಇದು ಬ್ಯಾಡ ಆಯಿ. ಹೊಲಸ ಬೈದಾನ."

"ಓದು."

ಓದಿದಳು. ಪ್ರತಿಯೊಂದರ ಕೆಳಗೂ ಅವನು ಉತ್ತರ ಬರೆದಿದ್ದನಂತೆ, ಎಲ್ಲರಿಗೂ ಅದೇ ಎರಡು ಸಾಲು: ಸಾಬೂನು ಹಸಿ ಇದ್ದಾಗಲೇ ನಾನು ಕಳಿಸಿದೆ, ಕ್ಷಮಿಸಬೇಕು.

"ಎಲ್ಲಾ ಕಡೆ ಅದs ಬರದಾನ. ಅದನ್ನ ಬಿಟ್ಟು ಓದಲ್ಯಾ?" ಎಂದಳು.

ಬಿಡಬೇಡ, ಅದನ್ನೂ ಪ್ರತಿ ಸಲ ಓದು ಎಂದೆ.