ಹೊಸ ಕುಡಿಕೆ

ಆ ಚೈತ್ರದಲ್ಲಿ ರಾಮನವಮಿಯೂ ಮೊಹರಮ್ಮೂ ಬೆನ್ನಿಗೆ ಬೆನ್ನಾಗಿ ಬಂದವು. ಶಿರಸಿಯ ಪ್ರಭಾತಫೇರಿಯಲ್ಲಿ 'ನಾವೆಲ್ಲ ಒಂದೇ' ಎಂದು ಗಂಟಲು ಹರಿಯುವಂತೆ ಕೂಗಿದವರು ನಮ್ಮ ಅಪ್ಪಯ್ಯ ಮತ್ತು ನಾನು. ನವಮಿಯ ದಿನ, ಯಲ್ಲಾಪುರಕ್ಕೆ ನಮ್ಮ ಸರಕು ಸಾಗಿಸುವ ಗಾಡಿ ಸಾಬರು ಅಂಗಳದಲ್ಲಿ ಬಾಗಿ ಬೊಗಸೆಯೊಡ್ಡಿದರು. ಅವರಿಗೆ ಲೋಟ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಎತ್ತರದಿಂದ ಪಾನಕ ಹೊಯ್ದೆ.

ಮೊಹರಮ್ಮಿಗೆ ಸಾಬರು ತಮ್ಮ ಮನೆ ಬಾಗಿಲಲ್ಲಿ ಶರಬತ್ತು ಹಂಚುತ್ತಿದ್ದರು. ನಮ್ಮನ್ನು ಕಂಡು, "ಒಡೆಯರೇ, ಕುಡಿಕೆ ಹೊಸದು. ನೀರು ನಿಮ್ಮ ಬಾವಿಯದೇ. ನಿಮ್ಮ ಪೈಕಿಯ ಭಟ್ಟರೇ ಬೆರೆಸಿದ್ದು" ಎಂದರು.

"ಹೊಟ್ಟೆ ಸರಿ ಇಲ್ಲ ಮಾರಾಯಾ" ಎಂದ ಅಪ್ಪಯ್ಯ. ನಾನೂ ಹೊಟ್ಟೆ ಹಿಡಿದುಕೊಂಡೆ. ಥೂ, ನನ್ನ ಜನ್ಮಕ್ಕೆ!

ಸಾಬರು ನಕ್ಕರು. ಆ ಕುಡಿಕೆಯನ್ನೆತ್ತಿ, ತುಟಿಗೆ ತಾಗಿಸದೆ, ಎತ್ತರದಿಂದ ತಮ್ಮದೇ ಅಂಗೈಗೆ ಹೊಯ್ದುಕೊಂಡು ಕುಡಿದರು. ತಮ್ಮದೇ ಮನೆಯ ಬಾಗಿಲಲ್ಲಿ.